ಉಳಿದ ಕುರುಸುರಾ, ಗುಜರಿಗೆ ಹೋದ ವಿಕ್ರಾಂತ್

ಐಎನ್‌ಎಸ್ ವಿಕ್ರಾಂತ್ ನಮ್ಮ ದೇಶದ ಮೊದಲ ವಿಮಾನವಾಹಕ ನೌಕೆ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಿಂದ ಅದರ ವಿಮಾನಗಳು ದಾಳಿ ಮಾಡಿದವು. 1997ರಲ್ಲಿ ನಿವೃತ್ತಿಯಾದ ಮೇಲೆ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು. ಆದರೆ ನೀರಲ್ಲಿ ನಿಂತ ಕಬ್ಬಿಣಕ್ಕೆ ತುಕ್ಕು ಬಿಡದು. ಖರ್ಚು ಹೊರುವವರು ಸಿಗಲಿಲ್ಲ. 2014ರಲ್ಲಿ ಹರಾಜಾಗಿ ಗುಜರಿಗೆ ಹೋಯಿತು.

1969ರಲ್ಲಿ ನೌಕಾಪಡೆ ಸೇರಿದ ಜಲಾಂತರ್ಗಾಮಿ ಐಎನ್‌ಎಸ್ ಕುರುಸುರಾ 2001ರಲ್ಲಿ ನಿವೃತ್ತಿಯಾಯಿತು. ಅದನ್ನು ವಿಶಾಖಪಟ್ಟಣದ ಕಡಲತೀರಕ್ಕೆ ಎಳೆದು ತಂದು 2002ರಲ್ಲಿ ಮ್ಯೂಸಿಯಂ ಮಾಡಿದರು. ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು ಎಂಬುದನ್ನು ಮಕ್ಕಳು ಈಗ ಒಳಗೆ ಹೋಗಿ ಕಣ್ಣಾರೆ ನೋಡುತ್ತಾರೆ. ಪುಸ್ತಕದ ಪಾಠಕ್ಕೆ ಅದು ಸಿಗದು.

ಉಳಿಸಲು ಅಭಿಮಾನವೊಂದೇ ಸಾಲದು. ನಮ್ಮೂರ ಹಳೇ ಚಾವಡಿ ಬೇಕು ಎನ್ನುವ ನಾವು ಇದನ್ನೂ ಕೇಳಿಕೊಳ್ಳಬೇಕು: ಮಳೆಗಾಲಕ್ಕೆ ಮೊದಲು ಅದರ ಹೆಂಚು ಬದಲಿಸುವವರು ಯಾರು?