ಜಮಾಬಂದಿ: ಲೆಕ್ಕ ಕೇಳುವವರು ಬದಲಾದ ಕಥೆ

ಯಾದಗಿರಿ ಸೀಮೆಯ ಯಾವುದೇ ಪ್ರೌಢಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೂ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ದೇಶಮುಖ ಎಂಬ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಮಕ್ಕಳು ಅವುಗಳನ್ನು ಮನೆತನದ ಹೆಸರುಗಳೆಂದಷ್ಟೇ ಬಲ್ಲರು. ವಾಸ್ತವವಾಗಿ ಅವು ಹುದ್ದೆಗಳ ಹೆಸರುಗಳು. ಮಾಲಿಪಾಟೀಲನು ಕಂದಾಯ ವಸೂಲಿಗೆ ಹೊಣೆಗಾರ; ಪೊಲೀಸ್ ಪಾಟೀಲನು ಊರಿನ ಶಾಂತಿ ಸುವ್ಯವಸ್ಥೆಗೆ; ಕುಲಕರ್ಣಿಯು ಲೆಕ್ಕದ ದಫ್ತರಕ್ಕೆ. ಸರ್ಕಾರವೆಂಬುದು ಹಳ್ಳಿಯ ಜನಕ್ಕೆ ಕಾಣುತ್ತಿದ್ದುದು ಈ ಮನೆಗಳ ಮೂಲಕವೇ. ಹುದ್ದೆಗಳು ಹೋದವು, ಹೆಸರುಗಳು ಉಳಿದವು.

ಹಾಗೆಯೇ ಉಳಿದುಬಂದಿರುವ ಇನ್ನೊಂದು ಶಬ್ದ ‘ಜಮಾಬಂದಿ’. ನಮ್ಮ ಅಬ್ಬೆತುಮಕೂರಿನ ಹಿರಿಯರ ಬಾಯಲ್ಲಿ ಬಾಲ್ಯದಲ್ಲಿ ಕೇಳಿದ್ದ ಈ ಮಾತು ಈಗ ಗ್ರಾಮ ಪಂಚಾಯತಿಯ ಸೂಚನಾ ಫಲಕದ ಮೇಲೆ ಕಾಣಿಸುತ್ತದೆ. ಶಬ್ದ ಅದೇ ಆದರೂ ಅದರ ಅರ್ಥ ತಲೆಕೆಳಗಾಗಿದೆ. ಆ ಬದಲಾವಣೆಯ ಇತಿಹಾಸವನ್ನೂ ಅದರಲ್ಲಿ ಇನ್ನೂ ಬಾಕಿ ಉಳಿದಿರುವ ಒಂದು ಹೆಜ್ಜೆಯನ್ನೂ ಕುರಿತು ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ, ಬಂಧುಗಳಿಗಾಗಿ ಈ ನಾಲ್ಕು ಮಾತು.

ಸರ್ಕಾರ ಊರನ್ನು ಕೇಳುತ್ತಿದ್ದ ಕಾಲ

‘ಜಮಾ’ ಎಂದರೆ ಕೂಡಿಬಂದ ಮೊತ್ತ, ‘ಬಂದಿ’ ಎಂದರೆ ಕಟ್ಟುಪಾಡು. ಅರಬ್ಬಿ, ಪಾರಸಿಗಳ ಈ ಜೋಡಿಪದ ಕಂದಾಯದ ಆಡಳಿತದಿಂದ ಬಂದದ್ದು. ವರ್ಷಕ್ಕೊಮ್ಮೆ ಮೇಲಧಿಕಾರಿ ಬಿಡಾರ ಹೂಡಿ, ಯಾವ ಹೊಲ ಯಾರ ಸಾಗುವಳಿಯಲ್ಲಿದೆ, ಎಷ್ಟು ಕಂದಾಯ ಬರಬೇಕು, ಎಷ್ಟು ಬಾಕಿ, ಯಾರಿಗೆ ಮಾಫಿ ಎಂಬುದನ್ನು ದಫ್ತರದೊಂದಿಗೆ ತಾಳೆ ನೋಡಿ ಮೊತ್ತವನ್ನು ನಿಗದಿಪಡಿಸುವ ಕ್ರಮವೇ ಜಮಾಬಂದಿ. ಕುಲಕರ್ಣಿ ಲೆಕ್ಕ ಓದುತ್ತಿದ್ದ, ಅಧಿಕಾರಿ ಕೇಳುತ್ತಿದ್ದ, ರೈತ ಕೈಕಟ್ಟಿ ನಿಂತಿರುತ್ತಿದ್ದ. ಏನನ್ನು ಪರಿಶೀಲಿಸಬೇಕೆಂಬುದನ್ನು ಸರ್ಕಾರವೇ ತೀರ್ಮಾನಿಸುತ್ತಿತ್ತು. ಕೆರೆಯ ತೂಬು ಒಡೆದಿದೆಯೇ, ಬಾವಿಯಲ್ಲಿ ನೀರಿದೆಯೇ ಎಂಬುದು ಆ ಪ್ರಶ್ನೆಗಳಲ್ಲಿ ಬಂದರೂ ವಸೂಲಿಯ ದೃಷ್ಟಿಯಿಂದ ಬರುತ್ತಿತ್ತೇ ಹೊರತು ಊರವರ ಬಾಯಾರಿಕೆಯ ದೃಷ್ಟಿಯಿಂದಲ್ಲ.

ಸಗರನಾಡಿನ ಇತಿಹಾಸವನ್ನು ಬಲ್ಲವರಿಗೆ ಇದರ ಹಿನ್ನೆಲೆ ಹೊಸದಲ್ಲ. ಸುರಪುರದ ಆಡಳಿತವನ್ನು 1841ರಿಂದ 1853ರವರೆಗೆ ನೋಡಿಕೊಂಡ ಮೆಡೋಸ್ ಟೇಲರ್ ಜನಪ್ರೀತಿಯನ್ನು ಗಳಿಸಿದ ಅಧಿಕಾರಿ. ಅವನ ಬಂಗಲೆ ಈಗಲೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಅಲ್ಲಿದೆ. ಆದರೆ ಒಳ್ಳೆಯ ಅಧಿಕಾರಿ ಇದ್ದಾಗಲೂ ಪ್ರಶ್ನೆ ಕೇಳುವ ಹಕ್ಕು ಮೇಲಿನವರದ್ದೇ ಆಗಿತ್ತು. 1858ರ ದಂಗೆಯ ತರುವಾಯ ಸಂಸ್ಥಾನ ಅಳಿದು, ಕೆಲವೇ ವರ್ಷಗಳಲ್ಲಿ ನಿಜಾಮರ ವಶಕ್ಕೆ ಬಂದಿತು. ಮುಂದೆ ಸಾಲಾರ್ ಜಂಗರ ಸುಧಾರಣೆಗಳಿಂದ ಜಿಲ್ಲೆ, ತಾಲ್ಲೂಕುಗಳ ವ್ಯವಸ್ಥೆ ಗಟ್ಟಿಯಾಯಿತು. ಜಾಗೀರುಗಳಲ್ಲಂತೂ ರೈತನ ಮಾತಿಗೆ ಇನ್ನೂ ಕಡಿಮೆ ಬೆಲೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದೊಳಗೆ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು.

ಪ್ರತಿನಿಧಿಗಳು ಬಂದರು

ಹೊಸ ರಾಜ್ಯದ 1959ರ ಕಾಯಿದೆ ನಮಗೆ ಗ್ರಾಮ ಪಂಚಾಯತಿಗಳನ್ನೂ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನೂ ಕೊಟ್ಟಿತು. ಬಲವಂತರಾಯ ಮೆಹತಾ ಸಮಿತಿಯ ವರದಿ 1957ರಲ್ಲಿ ಬಂದು ದೇಶದಲ್ಲೆಲ್ಲ ಪಂಚಾಯತಿಗಳ ಮಾತು ನಡೆದಿದ್ದ ಕಾಲವದು. ಚುನಾವಣೆಗಳು ನಡೆದವು, ಆದರೆ ಪಂಚಾಯತಿಯ ಕೈಯಲ್ಲಿ ಹಣ ಕಡಿಮೆ, ಅಧಿಕಾರ ಇನ್ನೂ ಕಡಿಮೆ. ಹಣವೇ ಇಲ್ಲದ ಮೇಲೆ ಲೆಕ್ಕ ಕೇಳುವ ಉತ್ಸಾಹವಾದರೂ ಜನರಿಗೆ ಎಲ್ಲಿಂದ ಬರಬೇಕು?

ನಿಜವಾದ ತಿರುವು ಬಂದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತಿ ಖಾತೆಯನ್ನು ವಹಿಸಿಕೊಂಡಿದ್ದ ಅಬ್ದುಲ್ ನಜೀರ್ ಸಾಬ್ ಅವರಿಂದ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ ‘ನೀರು ಸಾಬ್’ ಎನಿಸಿಕೊಂಡ ಅವರು 1983ರ ಕಾಯಿದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ತಂದರು. 1987ರ ಆರಂಭದಲ್ಲಿ ಚುನಾವಣೆ ನಡೆಯಿತು; ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ವರ್ಷಕ್ಕೆ ಎರಡು ಬಾರಿ ಗ್ರಾಮಸಭೆ ಕರೆಯಬೇಕೆಂದು ಕಾಯಿದೆ ಹೇಳಿತು. ಡಂಗುರ ಸಾರಿಸಿ ಜನರನ್ನು ಕರೆದು, ಮಂಡಲದ ಹಣ ಎಲ್ಲಿಗೆ ಹೋಯಿತೆಂದು ಹೇಳಬೇಕಾದ ಪ್ರಸಂಗ ನಮ್ಮ ಭಾಗದ ಹಲವು ಮುಖಂಡರಿಗೆ ಹೊಸ ಅನುಭವ. ನಜೀರ್ ಸಾಬ್ ಅವರು 1988ರಲ್ಲಿಯೇ ತೀರಿಕೊಂಡರು. ಅವರು ಇನ್ನಷ್ಟು ವರ್ಷ ಬದುಕಿದ್ದರೆ ಗ್ರಾಮಸಭೆಯ ಕಥೆ ಬೇರೆಯಾಗುತ್ತಿತ್ತೆಂದು ನನಗೆ ಅನೇಕ ಸಲ ಅನಿಸಿದೆ.

ಮುಂದಿನದು ನಾನು ಹತ್ತನೆಯ ತರಗತಿಯಲ್ಲಿ ವರ್ಷ ವರ್ಷವೂ ಪಾಠ ಮಾಡಿದ್ದು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಅದೇ ವರ್ಷದ ಮೇ 10ರಿಂದ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ಜಾರಿಯಾಯಿತು. ಅದಕ್ಕೆ ಬಂದ ತಿದ್ದುಪಡಿಗಳಿಂದ ವಾರ್ಡ್ ಸಭೆ ಹುಟ್ಟಿತು; 2015ರ ತಿದ್ದುಪಡಿಯಿಂದ ಜನವಸತಿ ಸಭೆಯೂ ಸೇರಿತು. ಗ್ರಾಮಸಭೆಯ ಕೋರಂ ಎಷ್ಟೆಂದು ನಾನು ಕೇಳಿದರೆ ಹಿಂದಿನ ಬೆಂಚಿನವರೂ ಹೇಳುತ್ತಿದ್ದಿರಿ: ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು.

ಊರು ಪಂಚಾಯತಿಯನ್ನು ಕೇಳುವ ಕಾಲ

ರಾಜಸ್ಥಾನದಲ್ಲಿ 1994ರ ಡಿಸೆಂಬರಿನಲ್ಲಿ ಒಂದು ಸಂಗತಿ ನಡೆಯಿತು. ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ದಾಖಲೆಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕಾಗದದಲ್ಲಿ ಬರೆದದ್ದು ಒಂದು, ಜನ ಕಣ್ಣಾರೆ ಕಂಡದ್ದು ಇನ್ನೊಂದು ಎಂಬುದು ಎಲ್ಲರೆದುರು ಬಯಲಾಯಿತು. ಆ ‘ಜನ ಸುನವಾಯಿ’ಯ ಬೀಜದಿಂದ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕು ಕಾಯಿದೆಗೆ ಬಹುಮಟ್ಟಿಗೆ ಕಾರಣ.

ಅದೇ 2005ರ ಉದ್ಯೋಗ ಖಾತರಿ ಕಾಯಿದೆಯ 17ನೆಯ ಕಲಮು, ಕಾಮಗಾರಿಗಳ ಸಾಮಾಜಿಕ ಲೆಕ್ಕ ಪರಿಶೋಧನೆಯ ಹೊಣೆಯನ್ನು ಗ್ರಾಮಸಭೆಗೆ ಒಪ್ಪಿಸಿತು. 2006ರ ಫೆಬ್ರವರಿಯಲ್ಲಿ ಆ ಯೋಜನೆ ಮೊದಲು ಆರಂಭವಾದ 200 ಜಿಲ್ಲೆಗಳಲ್ಲಿ ನಮ್ಮ ಅವಿಭಜಿತ ಗುಲಬರ್ಗಾ ಜಿಲ್ಲೆಯೂ ಒಂದು. (ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ.) ಆ ಕಾಯಿದೆಯ ಸ್ಥಾನದಲ್ಲಿ 2025ರ ಡಿಸೆಂಬರಿನಲ್ಲಿ ಸಂಸತ್ತು ಬೇರೊಂದು ಕಾಯಿದೆಯನ್ನು ಅಂಗೀಕರಿಸಿತಾದರೂ, ಸರ್ಕಾರದ ಲೆಕ್ಕವನ್ನು ಕೂಲಿಯವನೂ ಕೇಳಬಹುದೆಂಬ ತಿಳಿವಳಿಕೆಯನ್ನು ಹಳ್ಳಿಗೆ ತಂದ ಕೀರ್ತಿ 2005ರ ಕಾಯಿದೆಗೇ ಸಲ್ಲಬೇಕು.

ಇದೇ ಅವಧಿಯಲ್ಲಿ ಕರ್ನಾಟಕ ಸರ್ಕಾರವು ‘ಜಮಾಬಂದಿ’ ಎಂಬ ಹಳೆಯ ಶಬ್ದವನ್ನು ಎತ್ತಿಕೊಂಡು ಗ್ರಾಮ ಪಂಚಾಯತಿಗಳಿಗೆ ತೊಡಿಸಿತು. ಆರ್ಥಿಕ ವರ್ಷ ಮುಗಿದ ಮೇಲೆ, ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರಿನ ಹೊತ್ತಿಗೆ, ಪಂಚಾಯತಿಯು ತನ್ನ ಜಮೆ ಖರ್ಚು, ಕಾಮಗಾರಿಗಳ ಕಡತ, ಅಳತೆ ಪುಸ್ತಕಗಳನ್ನು ಜನರ ಮುಂದೆ ಇಡಬೇಕು. ನೇಮಕಗೊಂಡ ಅಧಿಕಾರಿಯ ಎದುರಿನಲ್ಲಿ ಕಾಮಗಾರಿಗಳ ಸ್ಥಳ ಪರಿಶೀಲನೆಯಾಗಬೇಕು. ಹಿಂದೆ ಸರ್ಕಾರ ರೈತನ ಲೆಕ್ಕ ಕೇಳುತ್ತಿದ್ದುದು ಜಮಾಬಂದಿ. ಈಗ ರೈತ ಸರ್ಕಾರದ ಲೆಕ್ಕ ಕೇಳುವುದು ಜಮಾಬಂದಿ. ಒಂದು ಶಬ್ದದ ಹೊಟ್ಟೆಯೊಳಗೆ ಇಷ್ಟು ದೊಡ್ಡ ಕ್ರಾಂತಿ ನಡೆದದ್ದನ್ನು ಇತಿಹಾಸದ ಮೇಷ್ಟರಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಬಾಕಿ ಉಳಿದ ಹೆಜ್ಜೆ

ಆದರೆ ಕ್ರಾಂತಿ ಪೂರ್ಣವಾಗಿಲ್ಲ. ನಿವೃತ್ತಿಯ ತರುವಾಯ ಒಂದು ಊರಿನ ಜಮಾಬಂದಿ ಸಭೆಯಲ್ಲಿ ಕುಳಿತಿದ್ದೆ. ಊರಿನ ಹೆಸರು ಬೇಡ, ಏಕೆಂದರೆ ಇದು ಬಹಳ ಊರುಗಳ ಕಥೆ. ಕಾಮಗಾರಿಗಳ ಪಟ್ಟಿಯನ್ನು ಓದಲಾಯಿತು: ಸಿ.ಸಿ. ರಸ್ತೆ, ಚರಂಡಿ, ಕಟ್ಟಡದ ದುರಸ್ತಿ. ಲೆಕ್ಕ ಸರಿಯಾಗಿಯೇ ಇತ್ತು. ಆಗ ಹಿಂದೆ ಕುಳಿತಿದ್ದ ವೃದ್ಧೆಯೊಬ್ಬಳು ಎದ್ದು, “ಎಲ್ಲಾ ಖರೆ ಐತ್ರೀ ಸಾಹೇಬ್ರ, ಆದ್ರ ನಮ್ಮ ಓಣಿ ನಳದಾಗ ನೀರು ಯಾಕ ಬರಂಗಿಲ್ಲ, ಅದನ್ಯಾರು ನೋಡೋರು?” ಎಂದು ಕೇಳಿದಳು. ಬಂದ ಉತ್ತರ: “ಅದು ಈ ಪಟ್ಟಿಯೊಳಗ ಇಲ್ಲಬೇ ಯವ್ವಾ.” ಉತ್ತರ ಕೊಟ್ಟವರು ಕೆಟ್ಟವರಲ್ಲ, ಸೌಜನ್ಯದಿಂದಲೇ ಹೇಳಿದರು. ಸಭೆ ಮುಂದಿನ ಬಾಬ್ತಿಗೆ ಹೋಯಿತು. ಮುದುಕಿ ಸೆರಗು ಸರಿಪಡಿಸಿಕೊಂಡು ಕುಳಿತಳು.

ನಾನು ಹೇಳಬೇಕೆಂದಿರುವುದು ಈ ಒಂದೇ ವಿಷಯ. ಲೆಕ್ಕ ಕೇಳುವ ಹಕ್ಕು ಜನರಿಗೆ ಬಂದಿದೆ. ಯಾವುದರ ಲೆಕ್ಕ ಕೇಳಬೇಕೆಂಬ ಪಟ್ಟಿಯನ್ನು ಬರೆಯುವ ಹಕ್ಕು ಇನ್ನೂ ಬಂದಿಲ್ಲ. ಪಟ್ಟಿಯು ಕಚೇರಿಯಲ್ಲಿ ಸಿದ್ಧವಾಗುತ್ತದೆ. ಖರ್ಚಾದದ್ದು ಮಾತ್ರ ಪಟ್ಟಿಗೆ ಬರುತ್ತದೆ; ಆಗಬೇಕಿದ್ದು ಆಗದೆ ಉಳಿದದ್ದು ಬರುವುದಿಲ್ಲ. ಹಳೆಯ ಜಮಾಬಂದಿಯ ನೆರಳು ಇಲ್ಲಿಯೇ ಉಳಿದುಕೊಂಡಿದೆ.

ಬೇರೆಡೆ ಇದಕ್ಕೆ ದಾರಿ ಹುಡುಕಿದವರಿದ್ದಾರೆ. ಇಂಗ್ಲೆಂಡಿನಲ್ಲಿ 2000ದ ಸ್ಥಳೀಯ ಸರ್ಕಾರ ಕಾಯಿದೆಯ ತರುವಾಯ ನಗರಸಭೆ, ಜಿಲ್ಲಾ ಸಭೆಗಳಲ್ಲಿ ಪರಿಶೀಲನಾ ಸಮಿತಿಗಳು ಬಂದವು. ಆಡಳಿತ ನಡೆಸುವ ಸದಸ್ಯರ ಕೆಲಸವನ್ನು ಉಳಿದ ಸದಸ್ಯರು ಪರೀಕ್ಷಿಸುವುದು ಅವುಗಳ ಉದ್ದೇಶ. ಅಲ್ಲಿ ಹಲವು ಸಭೆಗಳು, ಈ ವರ್ಷ ನಾವು ಯಾವ ವಿಷಯಗಳನ್ನು ಪರಿಶೀಲಿಸಬೇಕೆಂದು ಮೊದಲು ನಿವಾಸಿಗಳನ್ನೇ ಕೇಳುತ್ತವೆ. ನಮ್ಮ ನೆರೆಯ ಕೇರಳ 1996ರಲ್ಲಿ ಜನತಾ ಯೋಜನೆಯನ್ನು ಆರಂಭಿಸಿದಾಗ, ಗ್ರಾಮಸಭೆಗೆ ಬಂದವರನ್ನು ವಿಷಯವಾರು ಚಿಕ್ಕ ಗುಂಪುಗಳಾಗಿ ಕೂರಿಸಿ ಮಾತನಾಡಿಸಿದರು. ದೊಡ್ಡ ಸಭೆಯಲ್ಲಿ ಬಾಯಿ ಬಿಡದವರೂ ಹತ್ತು ಜನರ ನಡುವೆ ಮಾತನಾಡುತ್ತಾರೆಂಬ ಸರಳ ಸತ್ಯ ಅದರ ಹಿಂದಿತ್ತು.

ಈ ಸತ್ಯ ನಿಮಗೂ ಗೊತ್ತು. ಪೌರನೀತಿಯ ಪಾಠದಲ್ಲಿ, ನಮ್ಮ ಶಾಲೆಯಲ್ಲಿ ಯಾವುದನ್ನು ಮೊದಲು ಪರೀಕ್ಷಿಸಬೇಕೆಂದು ಪ್ರತಿಯೊಬ್ಬರೂ ಚೀಟಿ ಬರೆದು ಮೇಜಿನ ಮೇಲೆ ಇಡಿರೆಂದು ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಾಯಿಂದ ಕೇಳಿದಾಗ ಆಟದ ಮೈದಾನ, ಕ್ರಿಕೆಟ್ ಸಾಮಾನು ಎಂಬ ಉತ್ತರಗಳೇ ಬರುತ್ತಿದ್ದವು, ಅದೂ ಹುಡುಗರಿಂದ. ಚೀಟಿಗಳಲ್ಲಿ ಮಾತ್ರ ಹುಡುಗಿಯರು ಬರೆಯುತ್ತಿದ್ದರು: ಶೌಚಾಲಯಕ್ಕೆ ಚಿಲಕವಿಲ್ಲ, ಕುಡಿಯುವ ನೀರಿನ ಟಾಕಿ ತೊಳೆದು ಎಷ್ಟು ದಿನವಾಯಿತು? ಕೇಳುವ ರೀತಿ ಬದಲಾದರೆ ಉತ್ತರವೇ ಬದಲಾಗುತ್ತದೆ.

ಪಂಚಾಯತಿಯಲ್ಲಿಯೂ ಇದು ಕಷ್ಟದ ಕೆಲಸವಲ್ಲ. ಜಮಾಬಂದಿಗೆ ಒಂದು ತಿಂಗಳು ಮೊದಲು ವಾರ್ಡ್ ಸಭೆಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಜನರನ್ನು ಕೇಳಲಿ: ಈ ವರ್ಷ ಯಾವ ಮೂರು ಸಂಗತಿಗಳನ್ನು ಪರಿಶೀಲಿಸಬೇಕು? ಬಂದದ್ದನ್ನೆಲ್ಲ ನಡಾವಳಿಯಲ್ಲಿ ಬರೆಯಲಿ. ಹೆಚ್ಚು ಜನ ಹೇಳಿದ್ದು ಪಟ್ಟಿಯ ಮೊದಲಿಗೆ ಬರಲಿ. ಆಯ್ಕೆಯಾಗದ ವಿಷಯ ಏಕೆ ಆಯ್ಕೆಯಾಗಲಿಲ್ಲವೆಂಬುದನ್ನೂ ಹೇಳಲಿ. ಮುಂದಿನ ಸಭೆಯಲ್ಲಿ ಹಿಂದಿನ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಓದಿದ ಮೇಲೆಯೇ ಹೊಸ ಪ್ರಶ್ನೆ ಎತ್ತಿಕೊಳ್ಳಲಿ.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವು. ಮೊದಲನೆಯದು, ಹೆಚ್ಚು ಜನ ಹೇಳಿದ್ದೇ ಪಟ್ಟಿಯಾದರೆ ಊರ ಹೊರಗಿನ ಓಣಿಯ ನಲವತ್ತು ಮನೆಗಳ ಮಾತು ಎಂದಿಗೂ ಮೇಲೆ ಬರಲಾರದು. ಆದುದರಿಂದ ಪ್ರತಿಯೊಂದು ಓಣಿಗೂ ಒಂದು ಪ್ರಶ್ನೆಯನ್ನು ಮೀಸಲಿಡಲೇಬೇಕು. ಜನವಸತಿ ಸಭೆಯ ನಿಯಮ ಇರುವುದೇ ಅದಕ್ಕೆ. ಎರಡನೆಯದು, ನಮ್ಮ ಭಾಗದ ದೊಡ್ಡ ನೋವು: ಗುಳೆ. ಬೆಂಗಳೂರು, ಹೈದರಾಬಾದ್, ಮುಂಬಯಿಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು ಸಭೆಯ ದಿನ ಊರಿನಲ್ಲಿರುವುದಿಲ್ಲ. ಪಂಚಾಯತಿಯ ಕೆಲಸ ಸರಿಯಾಗದೆ ಹೆಚ್ಚು ನೊಂದವರೇ ಪಂಚಾಯತಿಯನ್ನು ಕೇಳಲಾರದಷ್ಟು ದೂರದಲ್ಲಿರುತ್ತಾರೆ. ನಮ್ಮೂರಿನಲ್ಲಿ ವಿಶ್ವಾರಾಧ್ಯರ ಜಾತ್ರೆಗೆ ಸೇರುವ ಜನಸಾಗರವನ್ನು ನೀವೆಲ್ಲ ಕಂಡಿದ್ದೀರಿ. ಎಲ್ಲಿದ್ದರೂ ತೇರಿಗೆ ಬರುವವರು ಇದ್ದಾರೆ. ಅವರು ಊರಿನಲ್ಲಿರುವ ಆ ದಿನಗಳಲ್ಲಿಯೇ ಅವರನ್ನು ಕೇಳುವುದು ನ್ಯಾಯ.

ನಿಮ್ಮಲ್ಲಿ ಕೆಲವರು ಈಗ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಕೆಲವರು ಸದಸ್ಯರಾಗಿದ್ದವರು, ಕೆಲವರು ಶಿಕ್ಷಕರು, ಹಲವರು ದೂರದ ಊರುಗಳಲ್ಲಿರುವವರು. ಅಧಿಕಾರದಲ್ಲಿರುವವರು ಪಟ್ಟಿ ಬರೆಯುವ ಮೊದಲು ಒಮ್ಮೆ ಓಣಿಯಲ್ಲಿ ನಡೆದುಬನ್ನಿ. ದೂರದಲ್ಲಿರುವವರು ನಿಮ್ಮ ಊರಿನ ಮುಂದಿನ ಜಮಾಬಂದಿ ಎಂದೆಂದು ಮನೆಯವರಿಗೆ ಫೋನು ಮಾಡಿ ಕೇಳಿ. ನಿಮ್ಮ ತಾಯಿಗೆ, ಅತ್ತಿಗೆಗೆ, ತಂಗಿಗೆ ಸಭೆಗೆ ಹೋಗಲು ಹೇಳಿ. ಕೇಳಬೇಕಾದ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಮುಂಚಿತವಾಗಿಯೇ ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆಯಲು ಹೇಳಿ. ಸ್ವೀಕೃತಿಯ ಮುದ್ರೆ ಬಿದ್ದ ಪ್ರಶ್ನೆಯನ್ನು ಪಟ್ಟಿಯಲ್ಲಿ ಇಲ್ಲವೆಂದು ಹೇಳುವುದು ಅಷ್ಟು ಸುಲಭವಲ್ಲ.