ಹೆಪಟೈಟಿಸ್ ಸಿ: ಔಷಧಿ ಎಷ್ಟು ವಾರ?

ಒಂದೇ ಕಾಯಿಲೆಗೆ ಒಬ್ಬರಿಗೆ 12 ವಾರ, ಇನ್ನೊಬ್ಬರಿಗೆ 24 ವಾರ ಔಷಧಿ ಏಕೆ ಎಂಬ ಗೊಂದಲ ನಮ್ಮ ಸದಸ್ಯರಲ್ಲೂ ಇರಬಹುದೆಂದು ಈ ಮಾಹಿತಿ ನೀಡುತ್ತಿದ್ದೇವೆ.

ಹಿಂದೆ ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ಜತೆಗೆ ರಿಬಾವಿರಿನ್ ಮಾತ್ರೆ ಇತ್ತು. ಜೀನೋಟೈಪ್ 1ರವರಿಗೆ 48 ವಾರ. 12ನೇ ವಾರಕ್ಕೆ ವೈರಾಣು ನೂರರಲ್ಲೊಂದು ಪಾಲಿಗೆ ಇಳಿದರೂ ಪೂರ್ತಿ ಹೋಗದೆ, 24ನೇ ವಾರಕ್ಕಷ್ಟೇ ಕಾಣದಾದರೆ, ಅಂಥವರಿಗೆ 72 ವಾರದವರೆಗೆ ಮುಂದುವರಿಸುತ್ತಿದ್ದರು. ಜ್ವರ, ಸುಸ್ತು, ರಕ್ತಹೀನತೆಗಳ ನಡುವೆ ಅಷ್ಟು ಕಾಲ ತಾಳುವುದು ಸಣ್ಣ ಮಾತಲ್ಲ.

ಈಗ ಆ ಲೆಕ್ಕವಿಲ್ಲ. ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ 12 ವಾರ ಸಾಕು. ಹೊಟ್ಟೆಯಲ್ಲಿ ನೀರು ತುಂಬುವಷ್ಟು ಲಿವರ್ ಕೆಟ್ಟು, ರಿಬಾವಿರಿನ್ ಒಗ್ಗದವರಿಗೆ ಸೊಫೊಸ್ಬುವಿರ್–ವೆಲ್ಪಾಟಾಸ್ವಿರ್ 24 ವಾರ. ಅಂದರೆ ಅವಧಿ ನಿಂತಿರುವುದು ಮುಖ್ಯವಾಗಿ ಲಿವರ್ ಸ್ಥಿತಿಯ ಮೇಲೆ. ವೈರಾಣು ನಿಧಾನ ಇಳಿಯಿತೆಂದು ಗಾಬರಿಯಾಗಿ ಮಾತ್ರೆ ಬಿಡಬೇಡಿ, ನೆರೆಯವರನ್ನು ನೋಡಿ ತಾವಾಗಿ ಮುಂದುವರಿಸಲೂ ಬೇಡಿ.

2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಿಗದಿತ ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಉಚಿತ. ಗುಣವಾಯಿತೇ ಎಂದು ತಿಳಿಯುವುದು ಮಾತ್ರೆ ಮುಗಿದು 12 ವಾರದ ನಂತರದ ಆರ್‌ಎನ್‌ಎ ಪರೀಕ್ಷೆಯಿಂದ. ಆ್ಯಂಟಿಬಾಡಿ ಪರೀಕ್ಷೆ ಗುಣವಾದ ಮೇಲೂ ಪಾಸಿಟಿವ್ ಬರುತ್ತದೆ. ಅದನ್ನು ಕಂಡು ಹೆದರಬೇಕಿಲ್ಲ.

ಮಂಜೇಶ್ವರ, ಕುಂಬಳೆ ಕಡೆಯಿಂದ ಮಂಗಳೂರಿಗೆ ಹೋಗುವವರು ಇಲ್ಲಿನ ಚೀಟಿ, ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿಟ್ಟು ಒಯ್ಯಿರಿ (ಗುಮಾಸ್ತಗಿರಿಯ ಹಳೇ ಚಾಳಿ, ಕ್ಷಮಿಸಿ). ಮಾತ್ರೆ ಶುರುವಾದ ದಿನವನ್ನು ಮೇಲ್ಪುಟದಲ್ಲೇ ಬರೆದಿಡಿ.