ವಿಪಿ 905: ಬಣ್ಣದಲ್ಲಿ ಉಳಿದ ಡಕೋಟಾ ಪರಂಪರೆ

ಭಾರತೀಯ ವಾಯುಪಡೆಯ ಪಾರಂಪರಿಕ ವಿಮಾನಗಳಲ್ಲಿ ಒಂದಾದ ಡಕೋಟಾದ ಮೈಮೇಲೆ ‘ವಿಪಿ 905’ ಎಂಬ ಸಂಖ್ಯೆ ಇದೆ. ಅದು ಈ ವಿಮಾನದ ಮೂಲ ಸಂಖ್ಯೆಯಲ್ಲ. 12ನೇ ಸ್ಕ್ವಾಡ್ರನ್ನಿನ ಹಳೆಯ ಡಕೋಟಾವೊಂದರ ನೆನಪಿಗಾಗಿ ಬರೆಸಿದ್ದು.

1947ರ ಅಕ್ಟೋಬರ್ 27ರಂದು ಆ ಸ್ಕ್ವಾಡ್ರನ್ನಿನ ಡಕೋಟಾಗಳು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಸೈನಿಕರನ್ನು ದೆಹಲಿಯಿಂದ ಶ್ರೀನಗರಕ್ಕೆ ಸಾಗಿಸಿದವು. ವಿಮಾನ ನಿಲ್ದಾಣ ಕೈತಪ್ಪದೆ ಉಳಿದದ್ದರಿಂದ ಕಾಶ್ಮೀರ ಕಣಿವೆಯ ರಕ್ಷಣೆ ಸಾಧ್ಯವಾಯಿತು. ಮುಂದೆ ಪೂಂಛ್ ಮತ್ತು ಲೇಹ್‌ಗಳಿಗೂ ಡಕೋಟಾಗಳೇ ಸೈನಿಕರನ್ನು, ಸಾಮಗ್ರಿಯನ್ನು ತಲುಪಿಸಿದವು.

ಈ ವಿಮಾನಗಳ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಎರಡನೇ ಮಹಾಯುದ್ಧದ ಬಳಿಕ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧದಲ್ಲಿ ಮಿಕ್ಕ ಡಕೋಟಾಗಳನ್ನು ದುರಸ್ತಿಗೊಳಿಸಿ ಹಾರಾಟಕ್ಕೆ ಸಜ್ಜುಗೊಳಿಸಿತು.

ಡಕೋಟಾ ಪೈಲಟ್ ಆಗಿದ್ದ ಏರ್ ಕಮಡೋರ್ ಎಂ. ಕೆ. ಚಂದ್ರಶೇಖರ್ ಅವರ ಮಗ, ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್, ಹಳೆಯ ಡಕೋಟಾವೊಂದನ್ನು ಕೊಂಡು ಬ್ರಿಟನ್ನಿನಲ್ಲಿ ಪುನರುಜ್ಜೀವನಗೊಳಿಸಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ಅದು ತಾನೇ ಹಾರಿ ಭಾರತ ತಲುಪಿತು. ಮೇ 4ರಂದು ಹಿಂಡನ್ ನೆಲೆಯಲ್ಲಿ ವಾಯುಪಡೆಗೆ ಸೇರ್ಪಡೆಯಾಯಿತು.

ವಿಪಿ 905 ಸಂಖ್ಯೆ ಹೊತ್ತ ಈ ವಿಮಾನಕ್ಕೆ ‘ಪರಶುರಾಮ’ ಎಂದು ಹೆಸರು. ಕರಾವಳಿಯನ್ನು ಪರಶುರಾಮ ಸೃಷ್ಟಿಯೆಂದು ಕರೆಯುವ ಜನರಿಗೆ ಆ ಹೆಸರು ಚಿರಪರಿಚಿತ. ಹೆಸರು, ಸಂಖ್ಯೆ ಮತ್ತು ವಾಯುಪಡೆಯ ಲಾಂಛನಗಳ ಮೂಲಕ ಈ ವಿಮಾನ ಡಕೋಟಾ ಪೀಳಿಗೆಯನ್ನು ಪ್ರತಿನಿಧಿಸುತ್ತದೆ.